ಗಣಿ ಮುಚ್ಚಿದ ಮೇಲೆ ನೆಲದ ಪುನಶ್ಚೇತನ

ಭೂಗತ ಗಣಿಗಾರಿಕೆ ನಿಂತ ಬಳಿಕ ಅಲ್ಲಿನ ನೆಲ, ನೀರು ಮತ್ತು ಹಸಿರನ್ನು ಮತ್ತೆ ಬಾಳುವೆಗೆ ಒದಗುವಂತೆ ಮಾಡುವ ಕೆಲಸಗಳನ್ನು ಒಟ್ಟಾಗಿ ಗಣಿಭೂಮಿಯ ಪುನಶ್ಚೇತನ ಎನ್ನುತ್ತಾರೆ. ಟೊಳ್ಳಾದ ಸುರಂಗಗಳನ್ನು ತುಂಬುವುದು, ಗಣಿಯೊಳಕ್ಕೆ ನೇರ ಇಳಿಯುವ ಶಾಫ್ಟ್‌ಗಳ ಬಾಯಿಗೆ ಕಾಂಕ್ರೀಟ್ ಮುಚ್ಚಳ ಹಾಕುವುದು, ಕುಸಿದ ಜಾಗವನ್ನು ಮಟ್ಟ ಮಾಡುವುದು, ತ್ಯಾಜ್ಯದ ಗುಡ್ಡಗಳು ಗಾಳಿಗೂ ಮಳೆಗೂ ಕದಲದಂತೆ ಕಟ್ಟಿಹಾಕುವುದು, ಗಣಿಯಲ್ಲಿ ತುಂಬಿಕೊಂಡ ನೀರನ್ನು ಹತೋಟಿಯಲ್ಲಿಡುವುದು, ಮಣ್ಣಿಗೆ ಮತ್ತೆ ಜೀವ ಕೊಟ್ಟು ಗಿಡ ಬೆಳೆಸುವುದು ಇದರಲ್ಲಿ ಸೇರುತ್ತವೆ. ಗಣಿಯನ್ನೇ ನಂಬಿದ್ದ ಊರಿಗೆ ಬೇರೆ ದುಡಿಮೆ ಕಲ್ಪಿಸುವುದನ್ನೂ ಇದರ ಭಾಗವೆಂದೇ ಎಣಿಸಬೇಕು. ಪ್ರಪಂಚದಲ್ಲಿ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಕಲ್ಲಿದ್ದಲ ಸೀಮೆಗಳಲ್ಲಿ. ಕರ್ನಾಟಕಕ್ಕೆ ಇದರ ಪಾಠ ಬಂದದ್ದು ಚಿನ್ನ, ತಾಮ್ರ ಮತ್ತು ಕಬ್ಬಿಣದ ಗಣಿಗಳಿಂದ.

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲದಿರುವುದಕ್ಕೆ ನೆಲದ ವಯಸ್ಸೇ ಕಾರಣ. ಭಾರತದ ಕಲ್ಲಿದ್ದಲಿನ ಬಹುಪಾಲು ಗೊಂಡ್ವಾನ ಕಾಲದ್ದು. 25ರಿಂದ 30 ಕೋಟಿ ವರ್ಷಗಳ ಹಿಂದೆ ಜೌಗು ಕಾಡುಗಳು ಹೂತು ಆದದ್ದು. ಚಿತ್ರದುರ್ಗ, ದಾವಣಗೆರೆ, ಹರಿಹರ ಭಾಗದ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಮರಗಳೇ ಹುಟ್ಟಿರಲಿಲ್ಲ. ಆದರೂ ಕಲ್ಲಿದ್ದಲ ಗಣಿಗಳ ಗತಿ ಕನ್ನಡಿಗರಿಗೆ ಸಂಬಂಧಪಡದ ವಿಷಯವಲ್ಲ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ವಿದ್ಯುತ್ ಕೊಡುತ್ತಿದೆ, ಕುಡಿತಿನಿಯಲ್ಲಿ ಬಳ್ಳಾರಿ ಸ್ಥಾವರವಿದೆ. ಇವುಗಳ ಒಲೆಗೆ ಬೀಳುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದಲೂ ಮಹಾರಾಷ್ಟ್ರ, ಒಡಿಶಾಗಳಿಂದಲೂ ಬರುತ್ತದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್‌ನಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೇ ಒಂದು ತೆರೆದ ಗಣಿಯಿದೆ. ಬೆಳಕು ಉರಿಯುವುದು ನಮ್ಮ ಮನೆಯಲ್ಲಿ, ಗುಂಡಿ ಬೀಳುವುದು ಇನ್ನೊಬ್ಬರ ಹೊಲದಲ್ಲಿ. ಆ ಗುಂಡಿಯ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ನೆಲದಡಿಯಿಂದ ಕಲ್ಲಿದ್ದಲು ತೆಗೆಯಲು ಎರಡು ಮುಖ್ಯ ಕ್ರಮಗಳಿವೆ. ಮೊದಲನೆಯದರಲ್ಲಿ ಪದರವನ್ನು ಓಣಿ ಓಣಿಯಾಗಿ ಕೊರೆದು, ನಡುನಡುವೆ ಕಲ್ಲಿದ್ದಲಿನದೇ ಕಂಬಗಳನ್ನು ಬಿಟ್ಟು ಚಾವಣಿಯನ್ನು ನಿಲ್ಲಿಸುತ್ತಾರೆ. ಭಾರತದ ಹಳೆಯ ಗಣಿಗಳೆಲ್ಲ ಹೆಚ್ಚಾಗಿ ಈ ಬಗೆಯವು. ಎರಡನೆಯದರಲ್ಲಿ ಉದ್ದಕ್ಕೂ ಒಂದೇ ಮುಖವಾಗಿ ಯಂತ್ರದಿಂದ ಕೊಯ್ಯುತ್ತ ಹೋಗಿ ಹಿಂದಿನ ಚಾವಣಿ ತಾನೇ ಕುಸಿಯಲು ಬಿಡುತ್ತಾರೆ. ಎರಡನೆಯದರಲ್ಲಿ ನೆಲ ಬೇಗ ಕುಸಿದು, ಕೆಲವೇ ವರ್ಷಗಳಲ್ಲಿ ನಿಂತುಬಿಡುತ್ತದೆ. ಕಂಬ ಬಿಟ್ಟ ಗಣಿಯ ಅಪಾಯ ಬೇರೆ. ಕಂಬಗಳು ನೀರು, ಗಾಳಿ, ಭಾರಗಳಿಗೆ ಸವೆದು ಐವತ್ತು ನೂರು ವರ್ಷಗಳ ಮೇಲೂ ಮುರಿಯಬಹುದು. ಹರಿಹರ ಸೀಮೆಯ ಹಳೆಯ ಮನೆಗಳಲ್ಲಿ ಜೋಳ ಇಡುತ್ತಿದ್ದ ನೆಲಗುಂಡಿಯಾದ ಹಗೇವನ್ನು ಮಣ್ಣಿನಿಂದ ತುಂಬದೆ ಬಾಯಿಗೆ ಮಾತ್ರ ಕಲ್ಲು ಚಪ್ಪಡಿ ಹಾಕಿ ಮಣ್ಣೆಳೆದರೆ, ಯಾವುದೋ ಒಂದು ಮಳೆಗಾಲಕ್ಕೆ ಅಂಗಳವೇ ಒಳಗಿಳಿಯುತ್ತದಲ್ಲ, ಇದೂ ಹಾಗೆಯೇ. ವ್ಯತ್ಯಾಸವೆಂದರೆ ಗಣಿಯ ಹಗೇವು ಮೈಲುಗಟ್ಟಲೆ ಹಬ್ಬಿರುತ್ತದೆ, ಅದರ ಮೇಲೆ ಊರು, ರಸ್ತೆ, ರೈಲುಹಳಿ ಇರುತ್ತವೆ. ನೆಲ ಬಿರಿದರೆ ಕೆರೆ ಬಾವಿಗಳ ನೀರು ಬಿರುಕಿನಲ್ಲಿ ಇಂಗಿ ಮಾಯವಾಗುತ್ತದೆ. ಕಲ್ಲಿದ್ದಲ ಗಣಿಯಾದರೆ ಅದೇ ಬಿರುಕಿನಿಂದ ಗಾಳಿ ಒಳಹೊಕ್ಕು ಉಳಿದ ಕಲ್ಲಿದ್ದಲಿಗೆ ಬೆಂಕಿ ಹತ್ತುವುದೂ ಉಂಟು.

ಜಾರ್ಖಂಡದ ಝರಿಯಾದಲ್ಲಿ ಆದದ್ದು ಇದೇ. ಅಲ್ಲಿ ನೆಲದಡಿಯ ಬೆಂಕಿ ಮೊದಲು ದಾಖಲಾದದ್ದು 1916ರಲ್ಲಿ; ಇಂದಿಗೂ ಅದು ಪೂರ್ತಿ ಆರಿಲ್ಲ. ಖಾಸಗಿ ಮಾಲೀಕರು ಸಿಕ್ಕಷ್ಟು ಬಾಚಿಕೊಂಡು, ಖಾಲಿ ಮಾಡಿದ ಜಾಗವನ್ನು ತುಂಬದೆ ಬಿಟ್ಟದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣ. ತುಂಬುವ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ನದಿಯ ಮರಳನ್ನು ನೀರಿನೊಡನೆ ಕೊಳವೆಯಲ್ಲಿ ಇಳಿಸಿ ಸುರಂಗ ತುಂಬಿಸುವ ಕ್ರಮಕ್ಕಾಗಿ 1939ರಲ್ಲಿಯೇ ಭಾರತದಲ್ಲಿ ಕಾಯಿದೆಯಾಗಿತ್ತು. 1971ರಿಂದ 1973ರ ನಡುವೆ ಗಣಿಗಳು ರಾಷ್ಟ್ರೀಕರಣವಾದ ಮೇಲೆ ಹಳೆಯ ಪಾಪದ ಹೊರೆಯೂ ಸರ್ಕಾರಿ ಕಂಪನಿಗಳ ತಲೆಗೆ ಬಂತು. ಝರಿಯಾ ಮತ್ತು ಪಶ್ಚಿಮ ಬಂಗಾಳದ ರಾಣಿಗಂಜ್‌ಗಳಿಗೆ ಕೇಂದ್ರ ಸರ್ಕಾರ ಮಾಸ್ಟರ್ ಪ್ಲಾನ್ ಒಪ್ಪಿದ್ದು 2009ರಲ್ಲಿ. ಝರಿಯಾಕ್ಕೆ ಅದನ್ನು ಪರಿಷ್ಕರಿಸಿ 5,940 ಕೋಟಿ ರೂಪಾಯಿಗಳ ಹೊಸ ಯೋಜನೆಯನ್ನು ಸಂಪುಟ ಒಪ್ಪಿದ್ದು 2025ರ ಜೂನ್‌ನಲ್ಲಿ. ಮಾಲೀಕರು ಅಂದು ಉಳಿಸಿಕೊಂಡ ಹಣಕ್ಕೆ ಮೂರು ತಲೆಮಾರಿನ ಮೇಲೆ ದೇಶ ಬಡ್ಡಿ ತೆರುತ್ತಿದೆ.

ಮರಳಿನ ವಿಚಾರವನ್ನು ತುಂಗಭದ್ರೆಯ ದಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನದಿಯ ಒಡಲಿನಿಂದ ಲಾರಿಗಟ್ಟಲೆ ಮರಳೆತ್ತಿ ಇನ್ನೊಂದು ಕಡೆಯ ಗುಂಡಿ ತುಂಬಿಸುವುದು ಒಂದು ಗಾಯ ಮಾಡಿ ಇನ್ನೊಂದಕ್ಕೆ ಮದ್ದು ಹಚ್ಚಿದಂತೆ. ಆದ್ದರಿಂದ ಈಗ ವಿದ್ಯುತ್ ಸ್ಥಾವರಗಳ ಹಾರುಬೂದಿ, ಪುಡಿಗಲ್ಲು ಮತ್ತು ಅದಿರು ಸೋಸಿ ಉಳಿದ ಹೂಳನ್ನೇ ಸ್ವಲ್ಪ ಸಿಮೆಂಟಿನೊಡನೆ ಕಲಸಿ ತುಂಬುವ ಕ್ರಮಕ್ಕೆ ಒತ್ತು ಸಿಕ್ಕಿದೆ. ಬೂದಿಯಲ್ಲಿರುವ ಲೋಹಾಂಶ ಅಂತರ್ಜಲಕ್ಕೆ ಸೇರದಂತೆ ನೋಡಿಕೊಂಡರೆ ಎರಡು ತ್ಯಾಜ್ಯಗಳಿಗೆ ಒಂದೇ ಪರಿಹಾರ ಸಿಕ್ಕಂತಾಗುತ್ತದೆ.

ಕೋಲಾರ ಚಿನ್ನದ ಗಣಿ

ಕರ್ನಾಟಕದಲ್ಲಿ ಭೂಗತ ಗಣಿ ಮುಚ್ಚಿದ ಅತಿ ದೊಡ್ಡ ಪ್ರಸಂಗ ಕೋಲಾರ ಚಿನ್ನದ ಗಣಿಯದು, ಅಂದರೆ ಕೆಜಿಎಫ್‌ನದು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಆಧುನಿಕ ಗಣಿಗಾರಿಕೆ ಹೂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. 1965ರಲ್ಲಿ ಕೋಲಾರದ ಗಣಿಯ ಆಳದಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದರು. ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಅಂದು ಬಾಗಿಲಿಗೆ ಬೀಗ ಬಿದ್ದಿತು, ಪುನಶ್ಚೇತನದ ಯೋಜನೆ ಮಾತ್ರ ಇರಲಿಲ್ಲ. ಗಣಿ ಮುಚ್ಚುವ ಮೊದಲು ಮುಚ್ಚುಗಡೆ ಯೋಜನೆ ಕೊಡಲೇಬೇಕೆಂಬ ನಿಯಮ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಾವಳಿಗೆ ಸೇರಿದ್ದು 2003ರಲ್ಲಿ. ಆ ಹೊತ್ತಿಗೆ ಕೆಜಿಎಫ್‌ನ ಗಣಿಗಳು ಮುಚ್ಚಿ ಎರಡು ವರ್ಷವಾಗಿತ್ತು. ನೀರೆತ್ತುವುದು ನಿಂತ ಮೇಲೆ ನೂರಾರು ಕಿಲೋಮೀಟರ್ ಉದ್ದದ ಸುರಂಗಗಳಲ್ಲಿ ನೀರು ಮೇಲೇರುತ್ತ ಬಂತು.

ಈ ಗಣಿಯ ಒಳಗಿನ ಕಾಟ ಬಂಡೆಸಿಡಿತ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸ್ಫೋಟಿಸಿದರೆ ಮೇಲಿನ ಮನೆಗಳ ಗೋಡೆ ನಡುಗುತ್ತಿತ್ತು. ಅದನ್ನು ಅಭ್ಯಸಿಸಲೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲಿ ಆರಂಭವಾಯಿತು. ಗಣಿ ಮುಚ್ಚಿ ನೀರು ತುಂಬಿದ ಮೇಲೂ ನೆಲದ ಕಂಪನಗಳು ದಾಖಲಾದವು. ಕೆಲಸ ನಿಂತ ದಿನವೇ ಗಣಿ ಸುಮ್ಮನಾಗುವುದಿಲ್ಲ, ನಿಗಾ ಇಡುವ ಉಪಕರಣ ಮತ್ತು ಸಿಬ್ಬಂದಿಗೆ ಆಮೇಲೂ ಸಂಬಳ ಕೊಡಬೇಕು.

ಕಣ್ಣಿಗೆ ರಾಚುವ ಉಳಿಕೆಯೆಂದರೆ ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹೂಳನ್ನು ದಶಕಗಳ ಕಾಲ ರಾಶಿ ಹಾಕಿದರು. ಅಂಥ 13 ರಾಶಿಗಳು ಒಟ್ಟು 1,003 ಎಕರೆಯಲ್ಲಿ ಹರಡಿವೆ. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಹೂಳಿದೆಯೆಂದು ಅಂದಾಜು. ಜನ ಹೆಸರಿಗೇ ಹೆದರುತ್ತಾರೆ. ಆದರೆ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವ ವಸ್ತು. ದಿನನಿತ್ಯದ ನಿಜವಾದ ಪೀಡೆ ನುಣುಪಾದ ಸಿಲಿಕಾ ದೂಳು. ಬೇಸಿಗೆ ಗಾಳಿಯಲ್ಲಿ ಅದು ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ಕಾಲೊನಿಗಳ ಮನೆಯೊಳಗೆ ಇಳಿಯುತ್ತದೆ, ಬಟ್ಟೆಗೂ ಅನ್ನಕ್ಕೂ ಹತ್ತುತ್ತದೆ. ಗಣಿಯೊಳಗೆ ದುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹೊತ್ತು ಬಂದವರ ಮನೆಯಂಗಳಕ್ಕೆ ಅದೇ ದೂಳು ಮೇಲಿನಿಂದಲೂ ಬರುವುದು ಅನ್ಯಾಯದ ಮೇಲೆ ಅನ್ಯಾಯ. ಮಳೆಗಾಲದಲ್ಲಿ ರಾಶಿಗಳು ಕೊರೆದು ಹೂಳು ತಗ್ಗಿನ ಹೊಲ ಹಳ್ಳಗಳಿಗೆ ಹರಿಯುತ್ತದೆ. ಅದರಲ್ಲಿ ಆರ್ಸೆನಿಕ್‌ನಂಥ ವಿಷಾಂಶವೂ ಇರಬಹುದಾದ್ದರಿಂದ ನೀರಿನ ಪರೀಕ್ಷೆ ತಪ್ಪದೆ ನಡೆಯಬೇಕು.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ 13 ರಾಶಿಗಳಲ್ಲಿ ಉಳಿದ ಚಿನ್ನ ತೆಗೆಯಲು ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಟನ್ ಹೂಳಿಗೆ ಒಂದು ಗ್ರಾಮಿನಷ್ಟು ಚಿನ್ನ ಸಿಗುವ ನಿರೀಕ್ಷೆಯಿದೆ. ಇದು ಪುನಶ್ಚೇತನಕ್ಕೆ ಸಿಕ್ಕ ಎರಡನೆಯ ಅವಕಾಶ. ಹಳೆಯ ಹೂಳನ್ನು ಮತ್ತೆ ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಹೂಳಿನ ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ; ಮೊದಲಿಗಿಂತ ನುಣುಪಾಗಿರುವುದೂ ಉಂಟು. ಅದನ್ನು ಎಲ್ಲಿ, ಯಾವ ಮುಚ್ಚಿಗೆಯಡಿ, ಯಾವ ಹಸಿರಿನಡಿ ಇಡುತ್ತಾರೆಂಬುದು ಗುತ್ತಿಗೆಯ ಷರತ್ತಿನಲ್ಲೇ ಬರೆದಿರಬೇಕು. ಚಿನ್ನವನ್ನು ಮಾತ್ರ ಕೊಂಡೊಯ್ಯಲು ಬಿಟ್ಟರೆ 2001ರಲ್ಲಿ ಆದದ್ದೇ ಇನ್ನೊಮ್ಮೆ ಆಗುತ್ತದೆ.

ಕೆಜಿಎಫ್‌ನ ಕಾರ್ಮಿಕರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತ ಕುಟುಂಬಗಳವರು, ಅಜ್ಜಂದಿರ ಕಾಲದಲ್ಲಿ ಉತ್ತರ ಆರ್ಕಾಟ್ ಕಡೆಯಿಂದ ಬಂದವರು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವುದು ವಾಡಿಕೆಯಾಯಿತು. ನೆಲದ ಪುನಶ್ಚೇತನ ಕುರಿತ ಕಡತಗಳಲ್ಲಿ ಮರಗಳ ಲೆಕ್ಕ ಇರುತ್ತದೆ, ಈ ರೈಲಿನ ಲೆಕ್ಕ ಇರುವುದಿಲ್ಲ. ಇರಬೇಕು.

ಇಂಗಳದಾಳ್, ಕುದುರೆಮುಖ, ಸಂಡೂರು

ದಾವಣಗೆರೆಗೆ ಹತ್ತಿರದ ಭೂಗತ ಗಣಿ ಚಿತ್ರದುರ್ಗದ ಬಳಿಯ ಇಂಗಳದಾಳಿನದು. 1997ರವರೆಗೆ ಹರಿಹರವೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ಇದನ್ನು ದಾವಣಗೆರೆ–ಹರಿಹರ ಭಾಗದ ಸ್ವಂತ ಉದಾಹರಣೆಯೆನ್ನಬಹುದು. ಚಿತ್ರದುರ್ಗ ಶಿಲಾಪಟ್ಟಿಯ ತಾಮ್ರದ ಅದಿರಿಗಾಗಿ ತೋಡಿದ ಈ ಗಣಿ ಹಟ್ಟಿ ಚಿನ್ನದ ಗಣಿ ಕಂಪನಿಯ ಆಡಳಿತಕ್ಕೆ ಸೇರಿ, ಲಾಭವಿಲ್ಲದೆ ನಿಂತಿತು. ಗಂಧಕವುಳ್ಳ ಅದಿರಿನ ಗಣಿಗಳಿಗೆ ಒಂದು ವಿಶೇಷ ಅಪಾಯವಿದೆ: ಒಡೆದ ಕಲ್ಲಿಗೆ ಗಾಳಿ ನೀರು ತಾಗಿದಾಗ ಗಂಧಕಾಮ್ಲ ಹುಟ್ಟಿ, ಕಲ್ಲಿನಲ್ಲಿರುವ ಲೋಹಗಳನ್ನು ಕರಗಿಸಿ ಹೊರತರುತ್ತದೆ. ಪೈರೈಟ್ ಇರುವ ಕಲ್ಲಿದ್ದಲ ಗಣಿಗಳಲ್ಲೂ ಇದೇ ಕತೆ. ಸುಣ್ಣಕಲ್ಲಿನ ಕಾಲುವೆಯಲ್ಲಿ ಆ ನೀರನ್ನು ಹರಿಸಿ ಹುಳಿ ಇಳಿಸುವುದು, ಆಪು ಬೆಳೆದ ಕೃತಕ ಜೌಗಿನಲ್ಲಿ ನಿಲ್ಲಿಸಿ ಲೋಹ ಇಳಿಯಬಿಡುವುದು ಇದಕ್ಕಿರುವ ಸುಲಭ ಪರಿಹಾರಗಳು. ಮಳೆ ಕಡಿಮೆಯಾದ ಚಿತ್ರದುರ್ಗದಂಥ ಕಡೆ ಈ ಕೆಡುಕು ನಿಧಾನವಾಗಿ ಬರುತ್ತದೆ. ಹಾಗೆಂದು ಬರುವುದೇ ಇಲ್ಲವೆನ್ನಲಾಗದು.

ಕುದುರೆಮುಖದ್ದು ತೆರೆದ ಗಣಿ. ಆದರೂ ತುಂಗಭದ್ರೆಯ ದಡದವರು ಅದನ್ನು ಬಿಟ್ಟು ಈ ವಿಷಯ ಮಾತಾಡಲಾರರು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಭದ್ರೆಯ ಜಲಾನಯನದಲ್ಲಿ ಗುಡ್ಡಗಳನ್ನು ಕಡಿದು ಅದಿರು ತೆಗೆಯಿತು. ಸೋಸಿ ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ. ಅಣೆಕಟ್ಟಿನ ಎತ್ತರ 100 ಮೀಟರಿನಷ್ಟು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಭದ್ರೆಗೆ ಸೇರಿದ ಮಣ್ಣು ಭದ್ರಾ ಜಲಾಶಯಕ್ಕೆ ಬರುತ್ತದೆ. ಜಲಾಶಯದ ನಾಲೆ ನೀರಿಗೆ ದಾವಣಗೆರೆ ಹರಿಹರದ ಭತ್ತದ ಗದ್ದೆಗಳು, ಅದರಲ್ಲೂ ಕೊನೆಭಾಗದ ರೈತರು, ಕಾದು ಕೂರುತ್ತಾರೆ. ಕೂಡ್ಲಿಯಲ್ಲಿ ತುಂಗೆಯೊಡನೆ ಸೇರಿದ ಹೊಳೆ ಮುಂದೆ ಹರಿಹರ ತಾಲ್ಲೂಕನ್ನು ಹಾದುಹೋಗುತ್ತದೆ. ಆದ್ದರಿಂದ ಮಲೆನಾಡಿನ ಒಂದು ಗುಡ್ಡದ ಇಳಿಜಾರಿಗೆ ಹುಲ್ಲು ಹಿಡಿಯಿತೋ ಇಲ್ಲವೋ ಎಂಬುದು ಆ ತಾಲ್ಲೂಕಿನ ಸಾರಥಿಯಂಥ ಊರಿನ ರೈತನಿಗೂ ಸಂಬಂಧಿಸಿದ ಪ್ರಶ್ನೆ.

ಸಂಡೂರು–ಹೊಸಪೇಟೆ ಭಾಗದ ಕಬ್ಬಿಣದ ಗಣಿಗಳಲ್ಲಿ ದೇಶದಲ್ಲೇ ಅಪರೂಪದ ಪ್ರಯೋಗ ನಡೆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪುನಶ್ಚೇತನ ಯೋಜನೆ ಒಪ್ಪಿಸದೆ ಯಾವುದೂ ಮತ್ತೆ ಆರಂಭವಾಗಬಾರದೆಂದಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಗಣಿ ಗಣಿಗೂ ಬೇರೆ ಬೇರೆ ಯೋಜನೆ ಮಾಡಿಕೊಟ್ಟಿತು: ರಾಶಿಯ ಬುಡಕ್ಕೆ ಕಲ್ಲಿನ ತಡೆಗೋಡೆ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಕೊರಕಲಿಗೆ ತಡೆ, ಹಳ್ಳಕ್ಕೆ ಚೆಕ್‌ಡ್ಯಾಂ, ಕೆಂಪುನೀರು ತಿಳಿಯಾಗಿ ಹೊರಹೋಗಲು ಹೊಂಡ, ಮೇಲೆ ಹುಲ್ಲು ಮತ್ತು ನಾಡಗಿಡ. ಅಕ್ರಮ ಅದಿರಿನ ಹರಾಜು, ದಂಡ ಮೊದಲಾದವುಗಳಿಂದ ಕೂಡಿದ ದೊಡ್ಡ ನಿಧಿಯನ್ನು ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ನಿಧಿ ಸಾವಿರಾರು ಕೋಟಿಗೆ ಬೆಳೆದರೂ ಖರ್ಚಿಗೆ ದಾರಿ ತೆರೆದದ್ದು 2022ರಲ್ಲಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ನೇಮಿಸಿದ ಮೇಲೆ. ಗಣಿ ನಿಂತು ಹತ್ತು ವರ್ಷ ಹಣ ಬ್ಯಾಂಕಿನಲ್ಲಿತ್ತು, ಕೆಂಪು ದೂಳು ಊರಿನಲ್ಲಿತ್ತು. ಆದರೂ ಕೆಜಿಎಫ್‌ಗೆ ಹೋಲಿಸಿದರೆ ಇದು ಮುಂದುವರಿದ ಸ್ಥಿತಿಯೇ. ಇಲ್ಲಿ ಕನಿಷ್ಠ ಹಣವಾದರೂ ಇದೆ.

ಮಣ್ಣಿಗೆ ಜೀವ ಕೊಡುವುದು

ಗಣಿತ್ಯಾಜ್ಯ ಮಣ್ಣಲ್ಲ. ಅದರಲ್ಲಿ ಸಾವಯವ ಅಂಶವಿಲ್ಲ, ಸಾರಜನಕವಿಲ್ಲ, ಎರೆಹುಳುವಿಲ್ಲ, ನೀರು ನಿಲ್ಲುವುದಿಲ್ಲ. ಗಣಿ ಆರಂಭಿಸುವಾಗ ಮೇಲ್ಮಣ್ಣನ್ನು ಕೆರೆದು ಬೇರೆಯಾಗಿ ರಾಶಿ ಮಾಡಿ, ಅದರ ಮೇಲೆ ದ್ವಿದಳ ಧಾನ್ಯ ಬಿತ್ತಿ ಜೀವಂತವಾಗಿಟ್ಟು, ಕೊನೆಯಲ್ಲಿ ಮತ್ತೆ ಹರಡುವುದೇ ಸರಿಯಾದ ದಾರಿ. ಆ ಮಣ್ಣು ಕಳೆದುಹೋಗಿದ್ದರೆ ಕೆರೆಹೂಳು, ಸಗಣಿಗೊಬ್ಬರ, ಸಕ್ಕರೆ ಕಾರ್ಖಾನೆಯ ಮಡ್ಡಿಗಳಿಂದ ಹೊಸ ಪದರ ಕಟ್ಟಬೇಕಾಗುತ್ತದೆ. ಹುಳಿ ಇದ್ದರೆ ಸುಣ್ಣ ಬೆರೆಸುತ್ತಾರೆ. ಮೊದಲ ವರ್ಷ ಹುಲ್ಲು, ಹುರುಳಿ, ಲಾವಂಚ. ನೆಲ ಹಿಡಿತಕ್ಕೆ ಬಂದ ಮೇಲೆ ಹೊಂಗೆ, ಬೇವು, ಕಮರ, ಬಿದಿರು, ಸೀತಾಫಲ. ಬಯಲುಸೀಮೆಯಲ್ಲಿ ಈ ಕ್ರಮ ತಪ್ಪಿಸಿ ನೇರವಾಗಿ ನೀಲಗಿರಿಯನ್ನೋ ಜಾಲಿಯನ್ನೋ ಸಾಲಾಗಿ ನೆಟ್ಟು ಹಸಿರು ತೋರಿಸುವುದು ಇಲಾಖೆಗಳಿಗೆ ಸಲೀಸು. ಅಂಥ ನೆಡುತೋಪಿನಡಿ ಹುಲ್ಲು ಹುಟ್ಟುವುದು ಕಡಿಮೆ, ಮಣ್ಣು ಕಟ್ಟುವುದು ಇನ್ನೂ ಕಡಿಮೆ. ನೆಟ್ಟ ಗಿಡಗಳ ಸಂಖ್ಯೆಯನ್ನು ಬಿಟ್ಟು ಐದನೆಯ ವರ್ಷ ಬದುಕಿರುವ ಗಿಡಗಳನ್ನು ಎಣಿಸಿದರೆ ಕೆಲಸದ ಗುಣ ತಿಳಿಯುತ್ತದೆ. ವಿಷಲೋಹವಿರುವ ರಾಶಿಯ ಮೇಲೆ ದನ ಮೇಯುವ ಹುಲ್ಲಾಗಲಿ ತಿನ್ನುವ ಹಣ್ಣಾಗಲಿ ಬೆಳೆಸಬಾರದು. ಅಲ್ಲಿ ಸೌದೆ, ನಾರು, ಬೀಜದೆಣ್ಣೆಯ ಗಿಡಗಳೇ ಕ್ಷೇಮ.

ಕುಸಿದ ಕಲ್ಲಿದ್ದಲ ನೆಲದಲ್ಲಿ ಇದಕ್ಕೂ ಮೊದಲು ಬಿರುಕುಗಳನ್ನು ಜೇಡಿಯಿಂದ ತುಂಬಿ, ಹರಿವಿನ ದಾರಿ ಸರಿಪಡಿಸಿ, ಇಳಿಯುವಿಕೆ ನಿಂತಿದೆಯೇ ಎಂದು ಉಪಗ್ರಹದ ರೇಡಾರ್ ಚಿತ್ರಗಳಿಂದಲೂ ನೆಲದ ಮಟ್ಟದಿಂದಲೂ ಅಳೆಯಬೇಕು. ಇಳಿಯುತ್ತಲೇ ಇರುವ ನೆಲದ ಮೇಲೆ ಮನೆ ಕಟ್ಟಿಸುವುದು ಅಪರಾಧಕ್ಕೆ ಸಮ.

ಹಣ ಯಾರದು

ಇಡೀ ವಿಷಯದ ತಿರುಳು ಇದೇ. ಗಣಿ ಲಾಭ ಕೊಡುವಾಗ ಹಣ ಎತ್ತಿಡದಿದ್ದರೆ ಮುಚ್ಚಿದ ಮೇಲೆ ಕೇಳಲು ಯಾರೂ ಉಳಿದಿರುವುದಿಲ್ಲ. ಅಮೆರಿಕ 1977ರ ಕಾಯಿದೆಯಲ್ಲಿ ಪ್ರತಿ ಟನ್ ಕಲ್ಲಿದ್ದಲಿಗೂ ಶುಲ್ಕ ಹಾಕಿ, ಹಿಂದಿನವರು ತೊರೆದುಹೋದ ಗಣಿಗಳ ದುರಸ್ತಿಗೆ ನಿಧಿ ಮಾಡಿತು. ಭೂಗತ ಗಣಿಗೆ ಆರಂಭದ ದರ ಟನ್ನಿಗೆ 15 ಸೆಂಟ್. ಜರ್ಮನಿಯ ರೂರ್ ಪ್ರದೇಶದಲ್ಲಿ ಕೊನೆಯ ಗಣಿ 2018ರ ಡಿಸೆಂಬರ್ 21ರಂದು ಮುಚ್ಚಿತು. ಅದಕ್ಕೂ ಹನ್ನೊಂದು ವರ್ಷ ಮೊದಲೇ, 2007ರಲ್ಲಿ, ಮುಂದೆಂದೂ ನಿಲ್ಲಿಸಲಾಗದ ನೀರೆತ್ತುವ ಕೆಲಸಕ್ಕಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಿದ್ದರು. ನೆದರ್ಲೆಂಡ್ಸಿನ ಹೀರ್ಲೆನ್ ಪಟ್ಟಣ ಹಳೆಯ ಕಲ್ಲಿದ್ದಲ ಸುರಂಗಗಳಲ್ಲಿ ತುಂಬಿದ ಬೆಚ್ಚಗಿನ ನೀರಿನಿಂದ ಕಟ್ಟಡಗಳನ್ನು ಕಾಯಿಸುತ್ತದೆ.

ಭಾರತದ ನಿಯಮಗಳೂ ನಿಧಾನವಾಗಿ ಈ ದಾರಿಗೆ ಬಂದಿವೆ. ಕಲ್ಲಿದ್ದಲು ಸಚಿವಾಲಯ 2009ರ ಆಗಸ್ಟ್‌ನಲ್ಲಿ ಮುಚ್ಚುಗಡೆ ಮಾರ್ಗಸೂಚಿ ಹೊರಡಿಸಿ, ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ಭೂಗತ ಗಣಿಗೆ 1 ಲಕ್ಷ ರೂಪಾಯಿ ಲೆಕ್ಕದಲ್ಲಿ ಎಸ್ಕ್ರೋ ಎಂಬ ಮೀಸಲು ಖಾತೆಗೆ ಹಣ ತುಂಬಬೇಕೆಂದಿತು. ಇದು ಆಮೇಲೆ ಹಲವು ಸಲ ಪರಿಷ್ಕರಣೆಯಾಗಿದೆ. ಬೇರೆ ಖನಿಜಗಳಿಗೆ 2003ರಲ್ಲಿ ದೊಡ್ಡ ಗಣಿಗೆ ಹೆಕ್ಟೇರಿಗೆ 25,000 ರೂಪಾಯಿ ಭದ್ರತೆ ಇದ್ದದ್ದು 2017ರ ನಿಯಮಾವಳಿಯಲ್ಲಿ 3 ಲಕ್ಷಕ್ಕೆ ಏರಿತು. ಹೆಕ್ಟೇರಿನ ಈ ಲೆಕ್ಕದಲ್ಲೊಂದು ದೊಡ್ಡ ದೋಷವಿದೆ. ಭೂಗತ ಗಣಿ ಮೇಲೆ ಕಡಿಮೆ ಜಾಗ ಹಿಡಿಯುತ್ತದೆಂದು ಅದರ ದರ ಕಡಿಮೆ. ಅದರ ಹಾನಿ ಇರುವುದು ಹೆಕ್ಟೇರಿನಲ್ಲಲ್ಲ, ಆಳದಲ್ಲಿ ಮತ್ತು ಕಾಲದಲ್ಲಿ. ಮೂರು ಕಿಲೋಮೀಟರ್ ಆಳದ ಶಾಫ್ಟ್ ಮೇಲ್ಗಡೆ ಒಂದು ಮನೆಯಷ್ಟು ಜಾಗವನ್ನೂ ಹಿಡಿಯುವುದಿಲ್ಲ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಹಣ ಕುಡಿಯುವ ನೀರು, ಶಾಲೆ, ಆಸ್ಪತ್ರೆಗೆ ಹೋಗುತ್ತದೆ. ಅದು ಒಳ್ಳೆಯದೇ, ಗಣಿ ಮುಚ್ಚುವ ವೆಚ್ಚಕ್ಕೆ ಮಾತ್ರ ಅದು ಬದಲಿಯಾಗದು.

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ್ದೇ ಆದ ಭೂಗತ ಚಿನ್ನದ ಗಣಿ ಇಂದು ನಡೆಯುತ್ತಿದೆ, ಲಾಭದಲ್ಲಿದೆ. ಅದೂ ಒಂದು ದಿನ ಬರಿದಾಗುತ್ತದೆ. ಅದರ ಮುಚ್ಚುಗಡೆ ಯೋಜನೆಯನ್ನು, ಅದಕ್ಕಾಗಿ ಎತ್ತಿಟ್ಟ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಮುದ್ರಿಸಿ ಹಟ್ಟಿಯ ಜನರ ಮುಂದೆ ಓದಿಹೇಳುವ ಪದ್ಧತಿಯನ್ನು ಸರ್ಕಾರ ಈಗಲೇ ಆರಂಭಿಸಬೇಕು. ಕೆಜಿಎಫ್‌ನ ಹೂಳುರಾಶಿ ಮುಟ್ಟುವ ಗುತ್ತಿಗೆದಾರನಿಗೂ ಮೊದಲ ಸಲಿಕೆ ಹಾಕುವ ಮುನ್ನ ಇದೇ ನಿಯಮ ಹಾಕಬೇಕು.